ಸಾಹೇಬರ ಹಿಂದೆ ಮಾದಪ್ಪ

ಮಾದಪ್ಪನವರ ಬಲಭುಜ ಎಡಭುಜಕ್ಕಿಂತ ಇಳಿದಿತ್ತು. ತಿ. ನರಸೀಪುರದ ನಮ್ಮ ಬೀದಿಗಳಿಗೆ ನೀರು ಬಿಡುವ ಕೆಲಸ ಅವರದು. ಬೆಳಕು ಹರಿಯುವ ಮೊದಲೇ ಎದ್ದು, ಉದ್ದನೆಯ ಕಬ್ಬಿಣದ ಕೀಲಿ ಹೊತ್ತು, ಗುಂಡಿ ಗುಂಡಿಗೂ ಬಗ್ಗಿ ವಾಲ್ವ್ ತಿರುಗಿಸುತ್ತಿದ್ದರು. ನೀರು ತಡವಾದರೆ ಬೈಯಲು ನಮಗೆ ಸಿಗುತ್ತಿದ್ದವರು ಅವರೊಬ್ಬರೇ. ಪಕ್ಕದ ಮನೆಯವಳು ನಾನು, ಎಲ್ಲರಿಗಿಂತ ಹೆಚ್ಚೇ ಬೈದಿದ್ದೇನೆ.

"ಕರೆಂಟೇ ಇಲ್ದಿದ್ರೆ ನಲ್ಲೀಲಿ ನಾನೇನ್ ಕಣ್ಣೀರು ಬಿಡ್ಲೇನವ್ವಾ?" ಎನ್ನುತ್ತಿದ್ದರು.

ರಿಟೈರ್ ಆದ ಮೇಲೂ ಅದೇ ಹೊತ್ತಿಗೆ ಎಚ್ಚರ. ಬರಿಗೈಯಲ್ಲಿ ಅದೇ ಬೀದಿ ಸುತ್ತುತ್ತಿದ್ದರು. ಒಂದು ದಿನ ಹೊಸದಾಗಿ ಬಂದ ಬೀಟ್ ಪೊಲೀಸಿನವನು ನಿಲ್ಲಿಸಿ, "ಯಾರಯ್ಯ ನೀನು, ಇಷ್ಟೊತ್ನಲ್ಲಿ ಏನ್ ನೋಡ್ತಾ ಇದೀಯ?" ಎಂದನಂತೆ. ಪಾಪ, ಅದರಿಂದ ಅವರಿಗೆ ತುಂಬಾ ನೋವಾಯಿತು. ಕೆಲವೇ ದಿನದಲ್ಲಿ ಬಿಳಿಗೆರೆಯ ತಂಗಿ ಮನೆಯಿಂದ ಒಂದು ಕಂದು ನಾಯಿ ತಂದರು.

"ಕೈಲಿ ಏನಾರಾ ಇರ್ಬೇಕು ಕಣವ್ವಾ. ನಾಯಿ ಇಡ್ಕೊಂಡೋನ ಯಾರೂ ಏನೂ ಕೇಳಾಕಿಲ್ಲ."

ಅದಕ್ಕೆ ಸಾಹೇಬ್ರು ಎಂದು ಹೆಸರಿಟ್ಟರು. ಸರ್ವೀಸೆಲ್ಲ ಸಾಹೇಬರ ಹಿಂದೆಯೇ ನಡೆದವರು, ಈಗ ಬಾಲ ಆಡಿಸುವ ಸಾಹೇಬರು ಸಿಕ್ಕರು ಎಂದು ನಗುತ್ತಿದ್ದರು. ಹೆಂಡತಿ ಗೌರಮ್ಮ ಮಾತ್ರ ಅದನ್ನು ಹೊಸಿಲು ದಾಟಗೊಡುತ್ತಿರಲಿಲ್ಲ. "ಮನೇಲಿ ಒಂದು ಮುದಿಯ ಸಾಲ್ದು ಅಂತ ಇದೊಂದು ಬೇರೆ," ಎನ್ನುವರು.

ಆಮೇಲೆ ಮಾದಪ್ಪನವರಿಗೆ ಉಬ್ಬಸ ಶುರುವಾಯಿತು. ಮೈಸೂರಿನ ಡಾಕ್ಟರು ಹಾರ್ಟು ವೀಕು ಎಂದರು. ಅವರಿಗೆ ತಮ್ಮ ಚಿಂತೆ ಇರಲಿಲ್ಲ. ಸಾಹೇಬ್ರನ್ನು ಮುಂದೆ ಯಾರು ಸಾಕುತ್ತಾರೆ ಎನ್ನುವುದೊಂದೇ. ಟೀ ಅಂಗಡಿಯಲ್ಲಿ ಕೇಳಿದರು, ಕಟಿಂಗ್ ಶಾಪಿನಲ್ಲಿ ಕೇಳಿದರು, ಎಲ್ಲರೂ ನಕ್ಕರು. ಕಾಂಪೌಂಡಿನ ಮೇಲಿಂದ ನನ್ನನ್ನೂ ಕೇಳಿದರು. ನನಗೆ ನಾಯಿ ಕಂಡರಾಗದು. "ನೀವೇ ಗಟ್ಟಿಯಾಗಿರಿ," ಎಂದೆ. ಒಳಗಿನಿಂದ ಗೌರಮ್ಮ, "ಇವ್ರು ಓದ್ ಮಾರ್ನೇ ದಿನ ಅದನ್ನ ಬೀದಿಗಟ್ಟೋಳು ನಾನು," ಎಂದರು.

ಸರಿ, ಆಟೋ ಮಾಡಿಕೊಂಡು ಹೋಗಿ ಬಿಳಿಗೆರೆಯಲ್ಲೇ ಬಿಟ್ಟು ಬಂದರು. ಎರಡು ದಿನ ಕಳೆಯುವಷ್ಟರಲ್ಲಿ ನೋಡಿದರೆ ನಾಯಿ ಮತ್ತೆ ಜಗುಲಿಯ ಮೇಲೆ.

"ಅಲ್ಲಿ ಸಾಹೇಬ್ರು ಊಟ ಬಿಟ್ಬುಟ್ಟಿದ್ರು, ಓಗಿ ಕರ್ಕೊಂಡ್ ಬಂದೆ," ಎಂದರು ಮಾದಪ್ಪನವರು.

"ಊಟ ಬಿಟ್ಟಿದ್ದು ಯಾರು ಅಂತ ನನ್ನ ಕೇಳಿ," ಎಂದರು ಗೌರಮ್ಮ.

ಮಳೆಗಾಲ ಮುಗಿಯುವ ಮೊದಲೇ ಮಾದಪ್ಪನವರು ಬೆಳಗಿನ ಜಾವ ಮಲಗಿದಲ್ಲೇ ಹೋದರು. ಜನ ಸೇರುತ್ತಿದ್ದಂತೆ ನಾಯಿ ಬೊಗಳಲು ಹತ್ತಿತು. ನಾನೇ ಅದನ್ನು ಎಳೆದುಕೊಂಡು ಹೋಗಿ ನಮ್ಮ ಹಿತ್ತಲಲ್ಲಿ ಕಟ್ಟಿದೆ. ಅಯ್ಯನವರು ಪಂಚಾಂಗ ನೋಡಿ, ಸತ್ತ ಗಳಿಗೆಯ ನಕ್ಷತ್ರ ಸರಿಯಿಲ್ಲ, ಮೂರು ತಿಂಗಳು ಮನೆ ಬಿಡಬೇಕು ಎಂದರು. ಮಣ್ಣು ಮಾಡಿ ಬಂದ ಸಂಜೆಯೇ ಬಾಗಿಲಿಗೆ ಬೀಗ ಹಾಕಿ, ಅಡ್ಡಲಾಗಿ ಮುಳ್ಳಿನ ಕೊಂಬೆ ಇಟ್ಟರು. ಆಮೇಲೆಯೇ ನಾನು ನಾಯಿಯ ಹಗ್ಗ ಬಿಚ್ಚಿದೆ. ಗೌರಮ್ಮನನ್ನು ಅವರ ತಮ್ಮ ಬಂದು ನಂಜನಗೂಡಿಗೆ ಕರೆದುಕೊಂಡು ಹೋದ. ಅವನದು ಬಾಡಿಗೆ ಮನೆ, ನಾಯಿಗೆ ಜಾಗವಿಲ್ಲ. ದೋಷ ಹತ್ತಿದ ಮನೆಯ ನಾಯಿ ಎಂದು ಬೀದಿಯಲ್ಲಿ ಯಾರೂ ಅದನ್ನು ಮೆಟ್ಟಿಲು ಹತ್ತಿಸಲಿಲ್ಲ. ನಾನೇ ಶಪಿಸುತ್ತಾ ದಿನಾ ಒಂದು ಮುದ್ದೆ ಹಾಕಿದೆ. ಮಳೆ ಹೊಡೆದರೂ ಅದು ಮುಳ್ಳಿಗೆ ಮೂತಿಯಿಟ್ಟು ಬಾಗಿಲಲ್ಲೇ ಮಲಗಿರುತ್ತಿತ್ತು. ಎಷ್ಟು ಕರೆದರೂ ಬರಲಿಲ್ಲ.

ಗಡುವು ಮುಗಿದು ಗೌರಮ್ಮ ಬಂದರು. ತುಂಬಾ ಇಳಿದುಹೋಗಿದ್ದರು. ಅಯ್ಯನವರು ಮುಳ್ಳು ತೆಗೆಸಿ, ನೀರು ಪ್ರೋಕ್ಷಿಸಿ, ಬೀಗ ತೆಗೆಸಿದರು. ಯಾರೂ ಕಾಲಿಡುವ ಮೊದಲೇ ಸಾಹೇಬ್ರು ಒಳಗೆ ನುಗ್ಗಿತು. ಅಡುಗೆಮನೆ, ಬಚ್ಚಲು, ಮಂಚದ ಕೆಳಗೆ, ಮತ್ತೆ ಅಡುಗೆಮನೆ. ಆಗ ನನಗೆ ತಿಳಿಯಿತು. ಹೆಣ ಹೊತ್ತೊಯ್ದದ್ದನ್ನು ಅದು ನೋಡಿರಲೇ ಇಲ್ಲ. ಬಾಗಿಲು ಹಾಕಿದೆ, ಅವರು ಒಳಗಿದ್ದಾರೆ ಎಂದುಕೊಂಡೇ ಇಷ್ಟು ದಿನ ಕಾದಿತ್ತು.

"ಮೊದ್ಲು ನಾಯಿ ಓಡಿಸಿ," ಎಂದರು ಅಯ್ಯನವರು.

"ಇರ್ಲಿ ಬುಡಿ," ಎಂದರು ಗೌರಮ್ಮ. ನಾಯಿ ಹೊರಗೆ ಬಂದು ಅವರ ಮುಖ ನೋಡಿತು. ಅವರು ಹೊಸಿಲ ಮೇಲೆ ಕುಸಿದು ಕುಳಿತು ಅದರ ಕತ್ತು ತಬ್ಬಿಕೊಂಡರು.

"ಸಿಕ್ಕಿಲ್ವಾ ಸಾಹೇಬ್ರೆ?" ಎಂದರು. "ನಾನೂ ಇನ್ನೂ ಒಳೀಕ್ ಓಗಿ ನೋಡಿಲ್ಲ. ತಡೀರಿ, ಇಬ್ರೂ ಓಗಿ ಇನ್ನೊಂದ್ಸಲ ನೋಡವ."