ಕೈಯೂರದ ಲಾಗ

ನನ್ನ ಎಡಗೈ ಮುರಿದದ್ದು ನನ್ನ ಮೊಂಡುತನದಿಂದ ಎಂದು ನಮ್ಮೂರಿನಲ್ಲಿ ಹೇಳುತ್ತಾರೆ. ಬಂಗಾರಪೇಟೆಯಿಂದ ಊರಿಗಾಂ ಕಡೆಗೆ ಹೋಗುವ ಬೆಳಗಿನ ರೈಲಿನಲ್ಲೂ ಹೇಳುತ್ತಾರೆ. "ಕೈಯೂರಿ ಲಾಗ ಆಕಮ್ಮಾ ಅಂತ ಮಾಸ್ಟರು ಬಡ್ಕಂಡ್ರು. ಈವಮ್ಮ ಕೇಳಿದ್ರೆ ತಾನೆ? ಒಂಟಿಕಾಲಲ್ಲಿ ಆರ್ತೀನಿ ಅಂತ ಓಗಿ ಮುರ್ಕಂಡ್ಲು." ಕತೆ ಚೆನ್ನಾಗಿದೆ. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವುದಕ್ಕೂ ಅನುಕೂಲವಾಗಿದೆ. ಅದರಲ್ಲಿ ಒಂದೇ ತೊಂದರೆ. ಅವತ್ತು ನಾನು ಮಾಸ್ಟರು ಹೇಳಿದ ಮಾತನ್ನೇ ಕೇಳಿದ್ದೆ.

ನಾನಾಗ ಪಿಯುಸಿ ಮೊದಲ ವರ್ಷ. ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ, ಯಾರು ಏನು ಹೇಳಿದರೂ "ಆಧಾರವೇನು?" ಎಂದು ಕೇಳುವ ಚಾಳಿ ಬಿದ್ದಿತ್ತು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹುಡುಗರು ಲಾಗ ಹಾಕುವುದು, ಹುಡುಗಿಯರು ಬಣ್ಣದ ರಿಂಗು ಹಿಡಿದು ಡ್ರಿಲ್ ಮಾಡುವುದು ಪದ್ಧತಿ. ಈ ಪದ್ಧತಿ ಮಾಡಿದ್ದು ಯಾರು ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ಈ ಸಲ ನಾನೂ ಲಾಗ ಹಾಕುತ್ತೇನೆ ಎಂದೆ. ಹುಡುಗರು ನಕ್ಕರು. ನನ್ನ ಗೆಳತಿಯೊಬ್ಬಳು ಮಾತ್ರ ನಗದೆ, "ಬಾ, ನಮ್ಮ ಮಾಸ್ಟರ್ ಹತ್ರ ಕರ್ಕೊಂಡು ಹೋಗ್ತೀನಿ" ಅಂದಳು.

ಅವಳ ಮನೆ ನಂದಿದುರ್ಗದ ಚಿನ್ನದ ಗಣಿಯ ಲೈನಿನಲ್ಲಿ, ಗಣಿ ಕೆಲಸಗಾರರ ಸಾಲುಮನೆಗಳಲ್ಲಿತ್ತು. ಮಾಸ್ಟರು ಪಕ್ಕದ ಮನೆಯವರು. ಗಣಿಯೊಳಗೆ ಮೇಲಿನ ಬಂಡೆ ಕುಸಿಯದಂತೆ ಮರದ ದಿಮ್ಮಿ ನಿಲ್ಲಿಸುವ ಕೆಲಸ ಅವರದು. ಪಾಳಿ ಮುಗಿದ ಮೇಲೆ ಲೈನಿನ ಮಕ್ಕಳನ್ನು ಸೈನೈಡ್ ದಿಬ್ಬಕ್ಕೆ ಕರೆದೊಯ್ದು ಲಾಗ ಕಲಿಸುತ್ತಿದ್ದರು. ಚಿನ್ನ ತೆಗೆದು ಬಿಸಾಡಿದ ಕಲ್ಲಿನ ಪುಡಿ ಗುಡ್ಡವಾಗಿ ಬಿದ್ದಿರುವ ಜಾಗ ಅದು. ದುಡ್ಡು ಕೊಟ್ಟು ಮ್ಯಾಟ್ ಕೊಳ್ಳಲಾಗದವರಿಗೆ ದಿಬ್ಬದ ಮರಳೇ ಮ್ಯಾಟು.

ಮೂರು ದಿನ ಅಲ್ಲಿಗೆ ಹೋಗಿ ಬಂದಾಗ ನನ್ನ ಜಡೆಯಲ್ಲಿ ಬಿಳಿ ಮಣ್ಣು ಕಂಡಿತು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಅಪ್ಪ ತಿರುಗಿ ನೋಡಿ ಕೇಳಿದರು.

"ಏನಮ್ಮಾ, ಕಾಲೇಜಲ್ಲಿ ಮಣ್ಣು ಒರಿಸ್ತಾರಾ?"

ಇದ್ದದ್ದು ಹೇಳಿದೆ. ಅಪ್ಪ ಹಾಲು ಕರೆದು ಮುಗಿಸಿದರು. ಆಮೇಲೆ, "ಓದ್ತೀಯ ಅಂತ ರೈಲು ಅತ್ತಿಸ್ತಿದೀನಿ. ಕೈಯೋ ಕಾಲೋ ಮುರ್ಕಂಡು ಬಂದ್ಯೋ, ಅವತ್ತಿಗೆ ಕಾಲೇಜು ಬಂದ್. ಈ ಅಸಾ ನೋಡ್ಕಂಡು ಮನೇಲಿರು" ಅಂದರು. ಅಪ್ಪ ಬೆದರಿಸುವ ಜನವಲ್ಲ. ಹೇಳಿದರೆ ಮಾಡುವವರು. ಹಾಗಾಗಿ ಮೊದಲು ಯಾವ ಲಾಗ ಕಲಿಯುವುದು ಎನ್ನುವುದು ನನಗೆ ಆಟದ ಪ್ರಶ್ನೆಯಾಗಿ ಉಳಿಯಲಿಲ್ಲ. ನನ್ನ ಓದು ಅದರ ಮೇಲೆ ನಿಂತಿತ್ತು.

ಮುಂದಕ್ಕೆ ಹಾಕುವ ಲಾಗಗಳಲ್ಲಿ ಮಾಸ್ಟರು ಹೇಳಿದ್ದು ಕೈಯೂರಿ ಲಾಗ. ಓಡಿ ಬಂದು ಎರಡೂ ಅಂಗೈ ನೆಲಕ್ಕೆ ಕೊಟ್ಟು, ಮೈಯನ್ನು ಮೇಲಿಂದ ದಾಟಿಸಿ, ಕಾಲ ಮೇಲೆ ನಿಲ್ಲುವುದು. ನಾನು ಕೇಳಿದ್ದು ಒಂಟಿಕಾಲಿನ ಲಾಗ. ಒಂದು ಕಾಲು ಮುಂದಿಟ್ಟು, ಇನ್ನೊಂದನ್ನು ಹಿಂದಿನಿಂದ ಆಕಾಶಕ್ಕೆ ಬೀಸಿ, ಅದರ ರಭಸದಲ್ಲೇ ಗಾಳಿಯಲ್ಲಿ ತಿರುಗಿ ನಿಲ್ಲುವುದು. ಕೈಗೆ ಕೆಲಸವೇ ಇಲ್ಲ.

"ಫಸ್ಟು ಕೈ. ಆಮೇಲೆ ಕಾಲು. ಎಲ್ಲಾರೂ ಅಂಗೇ ಕಲಿತಿರೋದು ಪಾಪಾ" ಅಂದರು ಮಾಸ್ಟರು. ಎಳೆಯ ಹುಡುಗಿಯರೆಲ್ಲ ಅವರಿಗೆ ಪಾಪಾನೇ.

"ನೀವೆಲ್ಲಿ ಕಲಿತಿರಿ ಮಾಸ್ಟರ್?"

"ಊರಿಗಾಂ ಜಿಮ್ ಹಾಲ್‌ನಲ್ಲಿ. ಹಳೇ ಕಾಲದಾಗೆ."

"ಅಲ್ಲಿ ನೆಲಕ್ಕೆ ಏನು ಹಾಸಿದ್ರು?"

"ನಾರಿನ ಮ್ಯಾಟು. ಇಷ್ಟು ದಪ್ಪ."

"ಅದು ಮ್ಯಾಟಿನ ನಿಯಮ. ಇದು ಮರಳು. ನೆಲ ಬದಲಾದ್ರೆ ನಿಯಮ ಬದಲಾಗಬೇಡ್ವಾ?"

ಗೆಳತಿ ನನ್ನ ಪಕ್ಕೆಗೆ ತಿವಿದಳು. "ಲೇ, ಇದು ಚರ್ಚಾಸ್ಪರ್ಧೆ ಅಲ್ಲ ಕಣೇ. ಗಂಟೆ ಹೊಡಿಯೋರು ಯಾರೂ ಇಲ್ಲ."

ನಾನು ಬಿಡಲಿಲ್ಲ. ಹುಟ್ಟಿದಾಗಿನಿಂದ ಹೊಲದ ಕಾಲುವೆಗಳನ್ನು ಒಂಟಿಕಾಲಿನಲ್ಲೇ ಹಾರಿದವಳು ನಾನು. ನನ್ನ ಕಾಲನ್ನು ನಾನು ನಂಬುತ್ತೇನೆ. ಜೀವಮಾನದಲ್ಲಿ ಒಮ್ಮೆಯೂ ಕೈಯ ಮೇಲೆ ನಿಂತವಳಲ್ಲ, ಅದನ್ನು ಹೇಗೆ ನಂಬಲಿ? ದಿಬ್ಬದ ಅಂಚಿನಲ್ಲಿ ಲಾರಿ ಓಡಾಡಿ ಕಲ್ಲಿನಂತಾದ ದಾರಿಯಿದೆ. ಅಲ್ಲಿಂದ ಚಿಮ್ಮಿ ಕೆಳಗಿನ ಮರಳಿಗೆ ಇಳಿದರಾಯಿತು. ಹಾಗೆಂದೆ.

ಮಾಸ್ಟರು ನಕ್ಕರು. ಕೆಟ್ಟ ನಗುವಲ್ಲ. "ತಲೆ ಮೊದಲು ಬಂದ್ರೆ? ಕೈಯಾದ್ರೆ ತಲೇನ ಕಾಪಾಡತ್ತೆ. ಗಟ್ಟಿ ದಾರೀಲಿ ಕೈ ಊರಬೇಡ, ಮರಳಲ್ಲಿ ಊರು, ಮೆತ್ತಗಿರತ್ತೆ. ಹತ್ತು ಸಲ ನೀಟಾಗಿ ಹಾಕು. ಹನ್ನೊಂದನೇದು ನಿನ್ನ ಇಷ್ಟ."

ಅವರ ಮಾತಿನಲ್ಲೂ ಹುರುಳಿತ್ತು. ತಲೆಯ ವಿಷಯಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದಿದ್ದಾಗ ಒಪ್ಪಿಕೊಳ್ಳಬೇಕು, ಅದೂ ಚರ್ಚೆಯ ನಿಯಮವೇ. ಒಪ್ಪಿಕೊಂಡೆ.

ಅದು ಮಳೆ ಬಂದು ಬಿಸಿಲು ಬಿದ್ದ ವಾರ. ಮಳೆಯಾದ ಮೇಲೆ ದಿಬ್ಬದ ಮೇಲ್ಪದರ ಒಣಗಿ ಹಪ್ಪಳದಂತೆ ಬಿರುಸಾಗುತ್ತದೆ, ಅಡಿಯಲ್ಲಿ ಪುಡಿ ಹಾಗೇ ಇರುತ್ತದೆ. ಲೈನಿನವರಿಗೆಲ್ಲ ಇದು ಗೊತ್ತು. ಆದರೂ ಮರಳೆಂದರೆ ಮೆತ್ತಗೆ, ಮೆತ್ತಗಿದ್ದರೆ ಕೈಗೆ ಒಳ್ಳೆಯದು ಎಂದು ಅಲ್ಲಿ ಎಲ್ಲರೂ ನಂಬಿದ್ದರು. ಕಾಲಿಳಿದರೆ ಮಂಡಿ ಮಡಚಿಕೊಳ್ಳುತ್ತದೆ. ಮೈಭಾರವೆಲ್ಲ ಹೊತ್ತ ಅಂಗೈ ಒಂದು ಕಡೆಗೆ ಇಳಿದರೆ ಮಣಿಕಟ್ಟು ಎಲ್ಲಿಗೆ ಹೋಗಬೇಕು? ಇದನ್ನು ಯಾರೂ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಏಳು ಲಾಗ ಸರಿಯಾಗಿ ಬಿತ್ತು. ಗೆಳತಿ ಗಟ್ಟಿಯಾಗಿ ಎಣಿಸುತ್ತಿದ್ದಳು. ಎಂಟನೆಯದರಲ್ಲಿ ಬಲಗೈ ಹಪ್ಪಳದ ಮೇಲೆ ನಿಂತಿತು, ಎಡಗೈ ಹಪ್ಪಳ ಒಡೆದು ಒಳಗೆ ಹೋಯಿತು. ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು. "ಎಂಟು" ಅಂದವಳು ಬಾಯಿ ಮುಚ್ಚಲಿಲ್ಲ.

ಆಸ್ಪತ್ರೆಯ ವರಾಂಡಕ್ಕೆ ಅಪ್ಪ ಬಂದಾಗ ಸಂಜೆಯಾಗಿತ್ತು. ನನ್ನ ಕೈಗೆ ಹಸಿ ಪ್ಲಾಸ್ಟರ್, ನಾಲಿಗೆ ತುಂಬ ಮಾತ್ರೆಯ ಮಂಪರು. ಅಪ್ಪ ನನ್ನನ್ನು ನೋಡಿ, ಮಾಸ್ಟರ ಕಡೆ ತಿರುಗಿದರು. "ಏನ್ ಮಾಡ್ತಿದ್ಲು ಸಾಮಿ ಇವ್ಳು?"

ಮಾಸ್ಟರು ತಮ್ಮ ಚಪ್ಪಲಿ ನೋಡಿಕೊಂಡರು.

ಗೆಳತಿ ಬಾಯಿಬಿಟ್ಟಳು. "ಇವಳು ಯಾವಾಗ್ಲೂ ಒಂಟಿಕಾಲು ಒಂಟಿಕಾಲು ಅಂತಿದ್ಲು ಮಾಮಾ..." ಅದು ಸುಳ್ಳಲ್ಲ. ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ. ಆದರೆ ಅಪ್ಪನಿಗೆ ಅಷ್ಟು ಸಾಕಾಯಿತು. ಕತೆ ಹುಟ್ಟಿದ್ದು ಅಲ್ಲಿ. ನಾವು ಬಂಗಾರಪೇಟೆಗೆ ಇಳಿಯುವಷ್ಟರಲ್ಲಿ ಅದು ನಮಗಿಂತ ಮುಂಚೆ ಇಳಿದಿತ್ತು.

ಕಾಲೇಜು ಬಂದ್ ಆಯಿತು. ಒಂದೇ ಕೈಯಲ್ಲಿ ಹಸು ಮೇಯಿಸಿದೆ, ಒಂದೇ ಕೈಯಲ್ಲಿ ಸಗಣಿ ಬಾಚಿದೆ. ನಾನು ಹಾಕಿದ್ದು ಕೈಯೂರಿ ಲಾಗ ಎಂದು ಅಪ್ಪನಿಗೆ ಎಷ್ಟು ಸಲ ಹೇಳಿದೆನೋ! "ನಿನ್ನ ಬಾಯಿ ನಂಗೊತ್ತು ಬುಡು. ಕಪ್ಪನ್ನ ಬಿಳುಪು ಅಂತ ಒಪ್ಪಿಸಿ ಬವುಮಾನ ತಂದಿಲ್ವ?" ಅಂದರು. ಚರ್ಚೆಯಲ್ಲಿ ಗೆದ್ದ ಬಹುಮಾನದ ಕಪ್ಪುಗಳು ಮನೆಯಲ್ಲಿ ನನ್ನ ವಿರುದ್ಧ ಸಾಕ್ಷಿಯಾಗಿ ಕುಳಿತಿದ್ದವು.

ಬಾಯಿಗೆ ಬೆಲೆಯಿಲ್ಲವಾದರೆ ಕಾಲಿಗಿರಬಹುದು ಅನಿಸಿತು. ರಾಗಿ ಒಕ್ಕಣೆ ಮುಗಿದು ಕಣದ ಪಕ್ಕ ಹುಲ್ಲು ಬಿದ್ದಿತ್ತು. ಬದುವಿನ ಕೆಳಗೆ ಅದನ್ನು ಸೊಂಟದೆತ್ತರ ಹರಡಿದೆ. ಪ್ಲಾಸ್ಟರ್ ಕೈಯನ್ನು ಟವೆಲಿನಿಂದ ಎದೆಗೆ ಬಿಗಿದು ಕಟ್ಟಿದೆ. ಅಣ್ಣನ ಹಳೆ ಪ್ಯಾಂಟು ಹಾಕಿಕೊಂಡು ಬದುವಿನ ಮೇಲಿಂದ ಓಡಿ ಒಂಟಿಕಾಲಿನಲ್ಲಿ ಚಿಮ್ಮಿದೆ. ಮೊದಲ ದಿನವೆಲ್ಲ ಬೆನ್ನ ಮೇಲೆ ಬಿದ್ದೆ, ಮೂಗು ತುಂಬ ಹುಲ್ಲು. ಎರಡನೇ ದಿನ ಕುಂಡಿಯ ಮೇಲೆ. ನಾಲ್ಕನೇ ದಿನ ನಿಂತೆ. ಪೂರ್ತಿ ನಿಂತೆ ಎಂದರೆ ಸುಳ್ಳಾಗುತ್ತದೆ, ಒಂದು ಮಂಡಿ ಊರಿ ಎದ್ದೆ. ಆದರೆ ಕೈ ಎಲ್ಲೂ ತಾಗಿರಲಿಲ್ಲ.

ಐದನೇ ದಿನ ಅಪ್ಪನನ್ನು ಕರೆದೆ. ಬಂದು ನೋಡಿ ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಓಡಿದ್ದೆ. ಲೋಕ ಒಂದು ಸುತ್ತು ತಿರುಗಿತು, ಹುಲ್ಲಿನಲ್ಲಿ ಎರಡೂ ಪಾದ ಹೂತವು, ನಿಂತೆ.

"ಇದೇ ಅಪ್ಪಾ ಒಂಟಿಕಾಲಿಂದು."

ಅಪ್ಪ ಕಟ್ಟಿದ ಕೈ ನೋಡಿದರು, ಹುಲ್ಲು ನೋಡಿದರು.

"ಇನ್ನೊಂದ್ ಸಲ ಆಕು."

ಹಾಕಿದೆ. ಅಪ್ಪ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮತ್ತೆ ಸುತ್ತಿಕೊಂಡರು.

"ಇದ್ರಲ್ಲಿ ಕೈ ನೆಲಕ್ಕೇ ಬರಲ್ವಲ್ಲಮ್ಮಾ. ಅಂಗಾದ್ರೆ ಕೈ ಎಂಗೆ ಮುರೀತು?"

ಎಷ್ಟೋ ವೇದಿಕೆಗಳಲ್ಲಿ ನಾನು ಇದಕ್ಕಿಂತ ನೇರವಾದ ಪ್ರಶ್ನೆ ಕೇಳಿಲ್ಲ. ನಾನು ಉತ್ತರಿಸಲು ಹೋದರೆ ಅಪ್ಪ ತಡೆದರು. "ನೀ ಬ್ಯಾಡ. ನೀ ಏಳಿದ್ರೆ ವಾದ ಆಯ್ತದೆ. ಆ ಮಾಸ್ಟರ ಬಾಯಲ್ಲೇ ಕೇಳಾನ. ಅವ್ರು ಕೈಯಿಂದು ಅಂದ್ರೆ, ಸೋಮವಾರದಿಂದ ಕಾಲೇಜಿಗೆ ಓಗು."

ಭಾನುವಾರ ಇಬ್ಬರೂ ರೈಲು ಹತ್ತಿದೆವು. ಅಪ್ಪ ಒಗೆದ ಶರ್ಟು ಹಾಕಿ, ಒಂದು ತಂಬಿಗೆ ಹಾಲು ಹಿಡಿದಿದ್ದರು. ಜಗಳಕ್ಕೆ ಹೋಗುವವರು ಹಾಲು ಒಯ್ಯುತ್ತಾರಾ ಎಂದೆ. "ಜಗಳ ನಿಂದು. ನಂದು ಒಂದು ಮಾತು ಕೇಳೋದಷ್ಟೇ" ಅಂದರು.

ಮಾಸ್ಟರು ಲೈನ್‌ಮನೆಯ ಬಾಗಿಲಲ್ಲೇ ಕೂತಿದ್ದರು. ನಮ್ಮನ್ನು ಕಂಡು ಎದ್ದು ಸ್ಟೂಲು ತಂದರು. ಅಪ್ಪ ಕೂರಲಿಲ್ಲ. ಪಕ್ಕದ ಮನೆಯಿಂದ ಗೆಳತಿ ಹೊರಗೆ ಬಂದು, ನನ್ನ ಮುಖ ನೋಡಿ ಅಲ್ಲೇ ನಿಂತಳು. ಅಪ್ಪ ಹಾಲಿನ ತಂಬಿಗೆಯನ್ನು ಹೊಸ್ತಿಲ ಪಕ್ಕ ಇಟ್ಟು ನನ್ನ ಕಡೆ ನೋಡಿದರು. ದೊಡ್ಡವರನ್ನು ಅವರ ಮನೆ ಬಾಗಿಲಲ್ಲಿ ನಿಲ್ಲಿಸಿ ಕೇಳುವುದು ಅಪ್ಪನಿಂದ ಆಗದು. ಅದಕ್ಕೆ ನಾನೇ ಕೇಳಿದೆ.

"ಮಾಸ್ಟರ್, ಅವತ್ತು ನೀವು ನನಗೆ ಹಾಕು ಅಂದಿದ್ದು ಯಾವ ಲಾಗ?"

ಮಾಸ್ಟರು ಈ ಸಲ ಚಪ್ಪಲಿ ನೋಡದೆ ಅಪ್ಪನ ಮುಖ ನೋಡಿ, "ಕೈಯೂರಿ ಲಾಗ, ನಾನೇ ಹಾಕು ಅಂದಿದ್ದು" ಅಂದರು.