ಸ್ಟೋರ್ ಕಾಕಾರ ಸಂಶಯ

ಕಾಕಾ ಅಂಗಿಯ ತುದಿ ಎತ್ತಿ ಉಡದಾರಕ್ಕೆ ಕೈ ಹಾಕಿದರೆಂದರೆ ಕಾರ್ಖಾನೆಯಲ್ಲಿ ಯಾವುದೋ ಕಂಪ್ಯೂಟರ್ ಕೆಟ್ಟಿದೆ ಎಂದೇ ಅರ್ಥ. ಸೊಂಟದ ಸುತ್ತ ಬೆವರಿಗೆ ಕಪ್ಪಾದ ಬೆಳ್ಳಿಯ ಉಡದಾರ. ಅದಕ್ಕೆ ಸ್ಟೋರಿನ ಎರಡು ಕೀಲಿಕೈ, ಒಂದು ತಾಯತ, ತಾಯತದ ಪಕ್ಕದಲ್ಲಿ ಒಂದು ಪೆನ್‌ಡ್ರೈವ್. ಮೇಜಿನ ಖಾನೆಯಲ್ಲಿ ಇಡಬಾರದೇ ಎಂದು ಹೊಸಬರು ಯಾರಾದರೂ ಕೇಳಿದರೆ, "ಖಾನೇಕ್ಕ ಕೀಲಿ ಐತಿ, ಖರೇ. ಆ ಕೀಲಿ ಮಾಡಿದಾಂವ ಯಾರ ಅಂತ ನಿನಗ ಗೊತ್ತೈತೇನು?" ಎನ್ನುತ್ತಿದ್ದರು.

ಗೋವಾದ ಕುಂಡಯಿಯಲ್ಲಿ ನಮ್ಮದು ಪ್ಲಾಸ್ಟಿಕ್ ಡಬ್ಬಿಗಳ ಕಾರ್ಖಾನೆ. ಅವರು ಅಲ್ಲಿಯ ಉಗ್ರಾಣ ನೋಡಿಕೊಳ್ಳುವವರು. ಮಾಲಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಸ್ಟೋರ್ ಕಾಕಾ. ಗದಗಿನ ಕಡೆಯವರು. ಹರೆಯದಲ್ಲಿ ಕುಡಚಡೆಗೆ ಬಂದು, ಅದಿರಿನ ಟ್ರಕ್ಕುಗಳನ್ನು ತೂಗುವ ಕಾಟಾದ ಮುಂದೆ ವರ್ಷಗಟ್ಟಲೆ ಕುಳಿತವರು. ಕಂಪ್ಯೂಟರ್ ಕಲಿತದ್ದೂ ಅಲ್ಲೇ, ಸಂಶಯಪಡುವುದನ್ನು ಕಲಿತದ್ದೂ ಅಲ್ಲೇ. ಗಣಿ ನಿಂತ ಮೇಲೆ ಎರಡನ್ನೂ ಹೊತ್ತುಕೊಂಡು ನಮ್ಮಲ್ಲಿಗೆ ಬಂದರು.

ಗೋಡೆಯ ಗಡಿಯಾರವೊಂದನ್ನೇ ಅವರು ನಂಬುತ್ತಿರಲಿಲ್ಲ, ಕೈಗಡಿಯಾರ ಸಾಕ್ಷಿ ಹೇಳಬೇಕು. ಏಕಾದಶಿ ಯಾವತ್ತು ಎಂದು ತಿಳಿಯಲು ಎರಡು ಕ್ಯಾಲೆಂಡರ್. ಚಹಾದವನು ಅದೇ ಕಿಟ್ಲಿಯಿಂದ ತಾನೊಂದು ಗುಟುಕು ಕುಡಿದ ಮೇಲೆಯೇ ಇವರ ಕಪ್ಪು ಮುಂದೆ ಬರುತ್ತಿತ್ತು. ಯಾರಾದರೂ "ಮಳಿ ಬರಾಕತ್ತೈತ್ರಿ ಕಾಕಾ" ಅಂದರೆ, ತಗಡಿನ ಮೇಲೆ ಅಷ್ಟು ಸಪ್ಪಳವಾಗುತ್ತಿದ್ದರೂ ಕಿಟಕಿಯಿಂದ ಅಂಗೈ ಹೊರಗೆ ಚಾಚಿ, ತೋಯಿಸಿಕೊಂಡು, "ಹೌದು" ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಇಂಥ ಮನುಷ್ಯನ ಹೆಂಡತಿಯಾಗಿ ಸಂಸಾರ ಹೇಗಪ್ಪಾ ಮಾಡುತ್ತಾಳೆ ಎಂದು ನಾನೇ ಎಷ್ಟೋ ಸಲ ಅಂದಿದ್ದೇನೆ.

ನಮ್ಮ ಡಬ್ಬಿಗಳಿಗೆ ಲೇಬಲ್ ಛಾಪಿಸುವ ಪ್ರೋಗ್ರಾಮು ಮಾಲಕರ ತಂದೆಯ ಕಾಲದ್ದು. ಹೊಸ ಕಂಪ್ಯೂಟರಿನಲ್ಲಿ ಅದು ಏಳುವುದೇ ಇಲ್ಲ. ಅದಕ್ಕೇ ಕಾಕಾ ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಎರಡು ಹಳೆಯ ಕಂಪ್ಯೂಟರುಗಳನ್ನು ಎಬ್ಬಿಸಿ ಇಟ್ಟಿದ್ದರು. ಕಣ್ಣಿಗೆ ಕಾಣುವ ಪೆಟ್ಟಿಗೆ ಒಂದೇ. ಒಳಗೆ ಮೂರು ಸಂಸಾರ. ಕಲಿತವರು ವರ್ಚುವಲ್ ಮಷಿನ್ ಎನ್ನುತ್ತಾರೆ, ನಾವು "ಒಳಗಿನ ಮಷಿನ್" ಎನ್ನುತ್ತಿದ್ದೆವು. ಒಂದರಲ್ಲಿ ಲೇಬಲ್, ಇನ್ನೊಂದರಲ್ಲಿ ಮಾಲು ಕಳಿಸುವ ಚಲನ್. ಲೇಬಲ್ ಕೆಲಸ ಇಂಡಿ ಕಡೆಯ ಒಬ್ಬ ಹೆಣ್ಣುಮಗಳದ್ದು. ಗಂಡ ತೀರಿಹೋಗಿದ್ದ, ಅತ್ತೆ ಸಮುದ್ರದಂಡೆಯಲ್ಲಿ ಮಣಿಸರ ಮಾರುತ್ತಿದ್ದಳು. ನಮಗೆಲ್ಲ ಅಕ್ಕ. ಅವಳು ಲೇಬಲ್ ಕೊಟ್ಟರೆ ನಾನು ಮಾಲು ಟ್ರಕ್ಕಿಗೆ ಹತ್ತಿಸುತ್ತಿದ್ದೆ. ನಾನು ಆ ವಿಭಾಗದ ಸೂಪರ್‌ವೈಸರ್.

ಆ ವರ್ಷ ಖಂಡೇನವಮಿಯ ದಿನ ಎಲ್ಲ ಯಂತ್ರಗಳ ಜೊತೆಗೆ ಕಂಪ್ಯೂಟರಿಗೂ ಪೂಜೆ. ಕಾಕಾ ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಅಕ್ಕ ಪರದೆ ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಇಳಿಬಿಟ್ಟಳು. ಪೂಜೆ ಮಾಡಿದ ಹತ್ಯಾರಕ್ಕೆ ಆ ದಿನ ಯಾರೂ ಕೈಹಚ್ಚಬಾರದು. ಆದರೆ ಪೂಜೆಯಾದ ದೇವರ ಮುಖ ಕತ್ತಲಾಗಲೂಬಾರದು. ಆದ್ದರಿಂದ ಕಂಪ್ಯೂಟರನ್ನು ಆರಿಸದೆ, ದೀಪದ ಹಾಗೆ ಬೆಳಗಲು ಬಿಡುವುದು ನಮ್ಮ ಮಾಲಕರ ಮನೆತನದ ಪದ್ಧತಿ. ಬೆಳಗಾವಿಯ ವ್ಯಾಪಾರಿ ಮನೆತನ, ಪದ್ಧತಿ ಅಂದರೆ ಪದ್ಧತಿ. ಮರುದಿನ ದಸರೆಯ ರಜೆ. ಬಾಡಿದ ಹೂವು ತೆಗೆಯಲೆಂದು ಕೀಲಿಕೈ ಇದ್ದ ಅಕ್ಕ ಒಬ್ಬಳೇ ಬಂದು ಹೋದಳು.

ರಜೆ ಮುಗಿದ ದಿನ ಬೆಳಿಗ್ಗೆ ಒಳಗಿನ ಮಷಿನ್ ತೆವಳತೊಡಗಿತು. ಒಂದು ಲೇಬಲ್ ಹೊರಬರಬೇಕಾದರೆ ನಾನು ಗೇಟಿನವರೆಗೆ ಹೋಗಿ ಡ್ರೈವರಿನ ಬೈಗುಳ ತಿಂದು ವಾಪಸು ಬರುವಷ್ಟು ಹೊತ್ತು. ಅಕ್ಷರ ಒತ್ತಿದರೆ ಅದು ಯೋಚಿಸಿ ಯೋಚಿಸಿ ಮೂಡುತ್ತಿತ್ತು. ಹೊರಗೆ ಮೂರು ಟ್ರಕ್ಕು ಸಾಲಾಗಿ ನಿಂತವು. ಮತ್ತೆ, ಪರದೆಯಲ್ಲಿ ಆ ಮಷಿನ್ ಕಾಣುವ ಕಿಟಕಿಯ ಕೆಳತುದಿಯಲ್ಲಿ ಎಂದೂ ಇಲ್ಲದ ಒಂದು ಚಿತ್ರ: ಬೆರಳುಗುರಿನಷ್ಟು ಹಸಿರು ಆಮೆ.

ನಮ್ಮ ಆಯಿ ಅನ್ನುತ್ತಿದ್ದಳು: ಸಂಶಯ ಅನ್ನೋದು ಹೇನಿದ್ದಂಗ, ಒಂದ ತಲಿಯಿಂದ ಇನ್ನೊಂದಕ್ಕ ಹೋಗಾಕ ಬಾಜೂಕ ಕುಂತರ ಸಾಕು. ಆ ಮುಂಜಾನೆ ಹಾಗೆಯೇ ಆಯಿತು. ಕಾವಲುಗಾರ ದೃಷ್ಟಿ ತಾಗಿದೆ ಅಂದ. ಮೋಲ್ಡಿಂಗಿನವನು ವಿಭೂತಿ ಒಳಗೆ ಹೋಗಿದೆ ಅಂದ. ಮಾಲಕರು ಆಮೆಯನ್ನು ಬೆರಳಿನಿಂದ ಕುಟ್ಟಿ, "ಇದನ್ನ ಯಾರೋ ಚ್ಯಾಷ್ಟೀಗೆ ಹಾಕ್ಯಾರ" ಎಂದರು. ಆಗ ನಾನು ಬಾಯಿಬಿಟ್ಟೆ. ಹಬ್ಬಕ್ಕೆ ಮೊದಲು ಅಕ್ಕ ಊರಿಗೆ ಹೋಗಲು ರಜೆ ಕೇಳಿದ್ದಳು, ಸಿಕ್ಕಿರಲಿಲ್ಲ. ಸಿಟ್ಟಿನಲ್ಲಿ, "ನಾ ಇಲ್ದ ಈ ಮಷಿನ್ ಹೆಂಗ ನಡೀತೈತಿ ನೋಡೂಣು" ಅಂದಿದ್ದಳು. ಆ ಮಾತನ್ನು ನಾನು ಎಲ್ಲರ ಮುಂದೆ, ಅವಳ ಧಾಟಿಯಲ್ಲೇ, ಅಂದು ತೋರಿಸಿದೆ. ಒಬ್ಬಿಬ್ಬರು ನಕ್ಕರು ಕೂಡ.

ಮಾಲಕರ ಮುಖ ಗಟ್ಟಿಯಾಯಿತು. "ದಸರಾ ದಿವ್ಸ ಒಳಗ ಬಂದಾಕಿ ನೀ ಒಬ್ಬಾಕಿನ. ಕೀಲಿಕೈ ಮೇಜಿನ ಮ್ಯಾಲ ಇಡು. ನಾಳಿಂದ ಬರೂದು ಬ್ಯಾಡ."

"ಇಡತೇನ್ರಿ," ಅಂದಳು ಅಕ್ಕ. ಸೆರಗಿನ ಗಂಟು ಬಿಚ್ಚಿ ಕೀಲಿಕೈಯನ್ನು ಮೇಜಿನ ಮೇಲಿಟ್ಟಳು. "ಆದ್ರ ನಾ ಏನ ಮಾಡೇನಿ ಅಂತ ಯಾರರ ಒಬ್ಬರು ಬಾಯಿಬಿಟ್ಟ ಹೇಳ್ರಿ. ಕೇಳಿಕೊಂಡ ಹೋಗತೇನಿ."

ಏನು ಮಾಡಿದ್ದಾಳೆ ಎಂದು ಹೇಳಲು ನಮಗ್ಯಾರಿಗೂ ಬರಲಿಲ್ಲ. ಮಾಡಿದ್ದಾಳೆ ಎಂದು ಮಾತ್ರ ಗೊತ್ತಿತ್ತು.

ಅಷ್ಟರಲ್ಲಿ ಕಾಕಾ ಊರಿನಿಂದ ನೇರ ಬಂದರು, ಹೆಗಲ ಮೇಲೆ ಇನ್ನೂ ರೊಟ್ಟಿಯ ಗಂಟು. ನಡೆದದ್ದನ್ನೆಲ್ಲ ನಾನು ವರದಿ ಒಪ್ಪಿಸಿದೆ. ಅವರು ಕೇಳಿ, ಅಕ್ಕನಿಗೆ, "ಯವ್ವಾ, ಸಂಜೀತನ ಕುಂದ್ರು" ಅಂದರು. ಮಾಲಕರಿಗೆ, "ಸಂಜೀತನ ನಿಲ್ರಿ" ಅಂದರು. ಆಮೇಲೆ ತಮ್ಮ ಉದ್ದ ನೋಟ್‌ಬುಕ್ ತೆಗೆದರು. ಯಾವ ಯಂತ್ರಕ್ಕೆ ಏನು ಮಾಡುವ ಮೊದಲೂ, ಅದು ಈಗ ಹೇಗಿದೆ ಎಂದು ಅದರಲ್ಲಿ ಬರೆದಿಡುವುದು ಅವರ ಪದ್ಧತಿ. ತಮ್ಮ ನೆನಪನ್ನೂ ಅವರು ನಂಬುತ್ತಿರಲಿಲ್ಲವಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿ, ಗಡಿಯಾರ ನೋಡಿ, ಬರೆದು, ಅದನ್ನು ಮೊದಲಿನಂತೆಯೇ ಮಾಡಿ, ನಂತರ ಮುಂದಿನದು. ಒಳಗಿನ ಮಷಿನ್‌ಗೆ ಕೊಟ್ಟ ಮೆಮೊರಿ ನೋಡಿದರು. ನೋಟ್‌ಬುಕ್ಕಿನಲ್ಲಿ ಇದ್ದಷ್ಟೇ ಇತ್ತು. ಡಿಸ್ಕಿನಲ್ಲಿ ಜಾಗ ನೋಡಿದರು, ಬೇಕಾದಷ್ಟಿತ್ತು. ವೈರಸ್ ಹುಡುಕುವ ಪ್ರೋಗ್ರಾಮನ್ನು ತುಸು ಹೊತ್ತು ನಿಲ್ಲಿಸಿದರು; ವ್ಯತ್ಯಾಸವಿಲ್ಲ. ಎರಡರಲ್ಲಿ ಒಂದನ್ನು ಮುಚ್ಚಿದರು, ಉಳಿದದ್ದೂ ತೆವಳಿತು. "ಹೊರಗಿನ ಕಂಪ್ಯೂಟರ್ ಓಡಾಕತ್ತೈತಿ, ಒಳಗಿಂದಷ್ಟ ಕಾಲ ಎಳ್ಯಾಕತ್ತೈತಿ. ಅಂದ್ರ ರೋಗ ಒಳಗಿಲ್ಲ, ಬಾಗಲದಾಗ ಐತಿ."

ನಾನು ತಡೆಯಲಾರದೆ, "ಕಾಕಾ, ಆಕೀನ ಏನರ..." ಅಂದೆ.

"ಆಕೀ ಪಾಳಿ ಇನ್ನೂ ಬಂದಿಲ್ಲೋ ತಮ್ಮಾ. ಅಗಾ, ಮೊದಲ ಆಮಿ."

ಇಡೀ ಕಾರ್ಖಾನೆ ನೋಡಿ ಬೈದಿದ್ದ ಆ ಆಮೆಯ ಮೇಲೆ ಅವರು ಮೌಸ್ ಒಯ್ದು ನಿಲ್ಲಿಸಿದರು, ಅಷ್ಟೇ. ಒಂದು ಸಣ್ಣ ಚೀಟಿ ತೆರೆದುಕೊಂಡಿತು: ಒಳಗಿನ ಮಷಿನ್ ಈಗ ನೇರವಾಗಿ ಅಲ್ಲ, ಹೊರಗಿನ ಕಂಪ್ಯೂಟರನ್ನು ಕೇಳಿ ಕೇಳಿ ಓಡುತ್ತಿದೆ ಎಂದು. ಅದನ್ನು ಎರಡು ಸಲ ಓದಿ, ಹೊರಗಿನ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯ ನಂಬರನ್ನು ನೋಟ್‌ಬುಕ್ಕಿನ ನಂಬರಿಗೆ ಹೋಲಿಸಿದರು. ಬೇರೆಯಾಗಿತ್ತು! ಹಬ್ಬದ ಎರಡು ದಿನಗಳಲ್ಲಿ, ಹೂಮಾಲೆ ಹಾಕಿಕೊಂಡು ಬೆಳಗುತ್ತ ಕುಳಿತಲ್ಲೇ, ಕಂಪ್ಯೂಟರ್ ಹಳೆಯ ವ್ಯವಸ್ಥೆ ಕಳಚಿ ಹೊಸದನ್ನು ಉಟ್ಟುಕೊಂಡಿತ್ತು.

ಮಾಲಕರಿಗೆ ಅರ್ಥವಾಗಲಿಲ್ಲ. ಕಾಕಾ ಬಿಡಿಸಿ ಹೇಳಿದರು: "ಇದು ಚಾಳಿನ ಮಾಲಕ ಬದಲಾದಂಗ್ರಿ. ಮೊದಲ ಬಾಡಿಗಿಯವರು ತಾವ ನಳಕ್ಕ ಹೋಗಿ ನೀರ ತುಂಬತಿದ್ರು. ಹೊಸಾ ಮಾಲಕ ಬಂದಾಂವನ, ಕಳ್ಳರ ಕಾಟ ಅಂತ ನಳದ ಮುಂದ ಕಾವಲಗಾರನ್ನ ಕುಂದ್ರಿಸ್ಯಾನ. ಇನ್ನ ಒಂದೊಂದ ತಂಬಗಿ ನೀರಿಗೂ ಅಂವನ್ನ ಕೇಳಬೇಕು. ಒಳಗಿನ ಮಷಿನ್ ಅಂದ್ರ ನಮ್ಮ ಬಾಡಿಗಿಯವರು. ನೀರ ಐತಿ. ಪಾಳಿ ಬರೂದಿಲ್ಲ."

ಆ ಕಾವಲಿನ ಸೆಟ್ಟಿಂಗ್ ಹುಡುಕಿ ಬಂದ್ ಮಾಡಿ, ಕಂಪ್ಯೂಟರ್ ಮುಚ್ಚಿ ತೆರೆದರು. ಆಮೆ ಅಲ್ಲೇ ಇತ್ತು. ನನಗೆ, ಹೇಳಬಾರದು, ಒಳಗೊಳಗೇ ಸಮಾಧಾನವಾಯಿತು. ಕಾಕಾ ಮಾತ್ರ, "ಕಾವಲಗಾರ ಎದ್ದ ಹೋದ, ಕುರ್ಚಿ ಬಿಟ್ಟ ಹೋಗ್ಯಾನ" ಎಂದು ಉಡದಾರದ ಪೆನ್‌ಡ್ರೈವ್ ಬಿಚ್ಚಿ, ಅದರಲ್ಲಿ ಬರೆದಿಟ್ಟುಕೊಂಡಿದ್ದ ಒಂದು ಸಾಲಿನ ಆಜ್ಞೆಯನ್ನು ನೋಡಿ ನೋಡಿ ಟೈಪು ಮಾಡಿದರು. ಕಂಪ್ಯೂಟರ್ ಮತ್ತೆ ಮುಚ್ಚಿ ತೆರೆಯುವವರೆಗೆ ಕುಡಚಡೆಯ ಮಾತು ತೆಗೆದರು. "ಅಲ್ಲಿ ನನ್ನ ಬಾಜೂಕ ಒಬ್ಬಾಂವ ಕುಂದರತಿದ್ದ. ತೂಕ ತಪ್ಪ ಬರಾಕತ್ತು. ಎಲ್ಲಾರೂ ಅಂವನ್ನ ಹಿಡದ್ರು, ನಾನೂ ಹೂಂ ಅಂದೆ. ಹೆಂಡ್ರ ಮಕ್ಕಳನ್ನ ಕರಕೊಂಡ ಊರ ಬಿಟ್ಟ ಹೋದ. ಮಳಿಗಾಲ ಮುಗದ ಮ್ಯಾಲ ಕಾಟಾದ ಹಲಗಿ ಎತ್ತಿ ನೋಡಿದ್ರ, ಕೆಳಗ ಕೆಂಪ ಮಣ್ಣ ಕಲ್ಲಾಗಿ ಕುಂತಿತ್ತು. ಅಂವನ್ನ ಎಲ್ಲಿ ಹುಡುಕೂದು?" ಪರದೆ ನೋಡುತ್ತಲೇ ಅಂದರು: "ಸಂಶೆ ಪಡಬೇಕ್ರಿ. ಹಲಗಿ ಮ್ಯಾಲ ಪಡ್ರಿ, ವೈರಿನ ಮ್ಯಾಲ ಪಡ್ರಿ. ಮನಶ್ಯಾನ ಪಾಳಿ ಕಡೀಕ."

ಪರದೆ ಬೆಳಗಿತು. ಆಮೆ ಹೋಗಿತ್ತು. ಲೇಬಲ್ಲುಗಳು ಪಟಪಟನೆ ಹೊರಬಿದ್ದವು. ಕಾವಲು ತೆಗೆದ ಮೇಲೆ ಬಾಗಿಲು ತೆರೆದಿಡಬಾರದೆಂದು ಕಾಕಾ ಆ ಕಂಪ್ಯೂಟರಿನ ಇಂಟರ್‌ನೆಟ್ ತಂತಿಯನ್ನೇ ಕಿತ್ತು ಸುತ್ತಿಟ್ಟರು.

"ಆದ್ರ ಹೊಸಾದನ್ನ ಹಾಕಿದವರು ಯಾರು?" ಮಾಲಕರು ಬಿಡಲಿಲ್ಲ. ಕಂಪ್ಯೂಟರ್ ತನ್ನ ದಿನಚರಿ ತಾನೇ ಬರೆದುಕೊಳ್ಳುತ್ತದೆ. ಕಾಕಾ ಅದನ್ನು ತೆರೆದರು. ಖಂಡೇನವಮಿಯ ದಿನ, ಮಧ್ಯಾಹ್ನ ಹನ್ನೆರಡು ಗಂಟೆ ಒಂಬತ್ತು ನಿಮಿಷಕ್ಕೆ ಯಾರೋ ಒಪ್ಪಿಗೆಯ ಗುಂಡಿ ಒತ್ತಿದ್ದರು. "ಆ ಹೊತ್ತಿನ್ಯಾಗ ಅಕ್ಕ ಎಲ್ಲಿದ್ಲು?" ಎಂದು ಕೇಳಿದರು. ಆ ಹೊತ್ತಿನಲ್ಲಿ ಅವಳು ಶೆಡ್ಡಿನಲ್ಲಿ ಸಾಲಾಗಿ ನಿಂತವರ ಅಂಗೈಗೆ ಪ್ರಸಾದ ಹಾಕುತ್ತಿದ್ದಳು.

"ಹಂಗಾರ ಯಾರು?"

"ಮಷಿನ್ ನನ್ನ ತಾಬೇದಾಗ ಐತ್ರಿ. ತಂತಿ ಬಿಚ್ಚಿಟ್ಟ ಊರಿಗೆ ಹೋಗಬೇಕಿತ್ತು, ಹೋಗಲಿಲ್ಲ. ತಪ್ಪ ನಂದ."

ಮಾಲಕರು ಕೀಲಿಕೈಯನ್ನು ಅಕ್ಕನ ಕಡೆ ಸರಿಸಿದರು. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡು, ಯಾರನ್ನೂ ನೋಡದೆ, ಕೆಲಸಕ್ಕೆ ಕುಳಿತಳು.

ಸಂಜೆ ಫೋಂಡಾ ಬಸ್ಸಿಗೆ ಕಾಯುವಾಗ ಕಾಕಾ ನನ್ನ ಪಕ್ಕ ಬಂದು ನಿಂತರು. "ಪೂಜಾದ ಫೋಟೋ ಗ್ರೂಪಿಗೆ ಹಾಕಿದಾಂವ ನೀ ಅಲ್ಲ? ಫೋನ್ ತಗಿ. ಎಷ್ಟ ಗಂಟೇಕ್ಕ ತಗದಿದ್ದಿ?"

ಹನ್ನೆರಡು ಹತ್ತು. ಅದನ್ನು ನೋಡಿದ ಕೂಡಲೇ ನೆನಪಾಯಿತು. ಹೂಮಾಲೆಯ ನಡುವೆ ಪರದೆಯಲ್ಲಿ ನೀಲಿ ಚೌಕಟ್ಟೊಂದು ಎದ್ದು ಫೋಟೋ ಕೆಡಿಸುತ್ತಿತ್ತು. ಏನು ಬರೆದಿದೆ ಎಂದು ಓದದೆ, ಎಲ್ಲಕ್ಕಿಂತ ದೊಡ್ಡ ಗುಂಡಿ ಒತ್ತಿ ಅದನ್ನು ಓಡಿಸಿದ್ದೆ. ಪೂಜೆಯಾದ ಹತ್ಯಾರಕ್ಕೆ ಆ ದಿನ ಕೈಹಚ್ಚಿದವನು ಇಡೀ ಕಾರ್ಖಾನೆಯಲ್ಲಿ ನಾನೊಬ್ಬನೇ.

"ಮಾಲಕರಿಗೆ ಹೇಳೂದನ್ನ ನಾ ಹೇಳೇನಿ," ಅಂದರು ಕಾಕಾ, ಬಸ್ಸಿನ ಬೋರ್ಡನ್ನು ಕಣ್ಣು ಕಿರಿದು ಮಾಡಿ ಓದುತ್ತ. "ಅಕ್ಕಗ ಹೇಳೂದ ನಿನ್ನ ಕೆಲಸ. ಅದನ್ನ ನಾ ಮಾಡೂದಿಲ್ಲ."

ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆಗೆ ಇನ್ನೊಂದು ನಾಳೆ ಸೇರಿತು. ಕಾಕಾ ಬೈಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಆಗಾಗ ಸ್ಟೋರಿನ ಕಿಟಕಿಯಿಂದ ಮಾಲಿನ ಚೀಟಿ ಕೊಡುವಾಗ ದನಿ ತಗ್ಗಿಸಿ, "ಆತೇನು?" ಎನ್ನುತ್ತಿದ್ದರು. ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಹೀಗೇ ಎರಡು ವರ್ಷ. ಅಷ್ಟು ದಿನವೂ ಅಕ್ಕ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಿದ್ದಿಲ್ಲ.

ಕಳೆದ ಶ್ರಾವಣದಲ್ಲಿ ಕಾಕಾ ಹೋದರು. ಎದೆನೋವು ಅಂದಾಗ ಡಾಕ್ಟರರ ಮಾತು ನಂಬದೆ ಇನ್ನೊಬ್ಬರನ್ನು ಕೇಳೋಣ ಅಂದರಂತೆ; ಆ ಇನ್ನೊಬ್ಬರು ಸಿಗುವಷ್ಟು ಸಮಯ ಸಿಗಲಿಲ್ಲ. ಕುಡಚಡೆಯ ಅವರ ಮನೆಗೆ ನಾವೆಲ್ಲ ಹೋಗಿದ್ದೆವು. ಕಾಕಾರ ಹೆಂಡತಿ, ನಮ್ಮ ಕಾಕೂ, ಒಂದು ಮಾತು ಹೇಳಿದಳು, ನಾನು ಕೇಳದಿದ್ದರೂ: "ಊರೆಲ್ಲಾ ಅವರಿಗೆ ಸಂಶೆ ಕಾಕಾ ಅಂತಿತ್ತು. ಮೂವತ್ತ ವರ್ಷದಾಗ ನನಗ ಒಮ್ಮೆನೂ ಎಲ್ಲಿ ಹೋಗಿದ್ದಿ ಅಂತ ಕೇಳಿಲ್ಲ."

ಅಂಗಳಕ್ಕೆ ಬಂದೆ. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳನ್ನು ಒಂದು ಮೂಲೆಗೆ ಕರೆದು, ಗುಂಡಿ, ಫೋಟೋ, ಹನ್ನೆರಡು ಒಂಬತ್ತು, ಎಲ್ಲವನ್ನೂ ಹೇಳಿದೆ. ಅಕ್ಕ ಅಳಲಿಲ್ಲ, ಸಿಟ್ಟಾಗಲೂ ಇಲ್ಲ.

"ನನ್ನ ಮ್ಯಾಲ ಹೇಳುಮುಂದ ಎಲ್ಲಾರ ಮುಂದ ಹೇಳಿದ್ರಿ," ಅಂದಳು. "ಇದನ್ಯಾಕ ಮೂಲ್ಯಾಗ ಹೇಳಾಕತ್ತೀರಿ?"

ಮರುದಿನ ಬೆಳಿಗ್ಗೆ ಕೆಲಸ ಹಂಚುವ ಹೊತ್ತಿಗೆ ಶೆಡ್ಡಿನಲ್ಲಿ ಎಲ್ಲರೂ ಸೇರಿದ್ದರು. ನಾನು ಮುಂದೆ ಹೋಗಿ ನಿಂತೆ. ಆ ಗುಂಡಿ ಒತ್ತಿದವನು ನಾನು. ಕಾಕಾ ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಅಕ್ಕನದು ಏನೂ ಇರಲಿಲ್ಲ, ಅವಳ ಮೇಲೆ ಹಾಕಿದವನೂ ನಾನೇ ಎಂದೆ. ಮಾಲಕರು, "ಅರೇ, ಮುಗದ ಮಾತು, ಈಗ್ಯಾಕ?" ಅಂದರು. ಮೋಲ್ಡಿಂಗಿನವನು ಕೆಮ್ಮಿದ. ಎಲ್ಲರೂ ಚದುರುವ ಹಾಗಿತ್ತು.

ಅಕ್ಕ ತನ್ನ ಮೇಜಿನಿಂದ ತಲೆ ಎತ್ತಿದಳು. "ಹಿಂದ ನಿಂತವರಿಗೆ ಕೇಳಿಸಿಲ್ರಿ. ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ, ಗಟ್ಟಿಯಾಗಿ, ಹೇಳಿದೆ.