ಸಾಲಾಗಿ ನಿಂತ ಟ್ಯಾಂಕುಗಳು

ಮಲಯಾಳ ನಾಡಿನ ಪಟ್ಟಂ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಆ ವಾರವೆಲ್ಲ ಒಂದೇ ಚರ್ಚೆ. ನನ್ನ ಯಜಮಾನರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಅಧಿಕಾರಿ. ರಜೆ ಬಂತೆಂದರೆ ಮೇಜಿನ ಮೇಲೆ ಗೊಂಬೆ ಸೈನ್ಯವಿಟ್ಟು, ಟೇಪು ಹಿಡಿದು ಅಳೆದು, ದಾಳ ಉರುಳಿಸಿ ಯುದ್ಧವಾಡುತ್ತಾರೆ. ಆಡುವ ಇಬ್ಬರಿಗೂ ಸಮನಾದ ಅಂಕ ಸಿಗುತ್ತದೆ; ಅಷ್ಟರಲ್ಲೇ ಸೈನ್ಯ ಕಟ್ಟಿಕೊಳ್ಳಬೇಕು. ದೈತ್ಯ ರೋಬೋಟೊಂದನ್ನು ತೆಗೆದುಕೊಂಡರೆ ಅಂಕವೆಲ್ಲ ಅಲ್ಲಿಗೇ ಮುಗಿಯಿತು. ಅಗ್ಗದ ಟ್ಯಾಂಕುಗಳಾದರೆ ಒಂದು ಹಿಂಡೇ ಬರುತ್ತದೆ. ಇವರ ಮನಸ್ಸು ರೋಬೋಟಿನ ಮೇಲೆ.

"ಒಂದೇ ಕುಕ್ಕರ್ ನೆಚ್ಕೊಂಡು ಮದುವೆ ಅಡುಗೆಗೆ ಹೊರಟ ಹಾಗಾಯ್ತು ನಿಮ್ಮದು. ಗ್ಯಾಸ್ಕೆಟ್ ಹೋದ್ರೆ ಊಟಾನೇ ಇಲ್ಲ," ಎಂದೆ.

"ನಿನ್ನ ಪಾತ್ರೆ ಲೆಕ್ಕ ಇಲ್ಲಿ ಬೇಡ ಕಣೇ. ಟ್ಯಾಂಕು ಇವನ ಕಾಲಿಗೆ ಸಿಕ್ರೆ ಹಪ್ಪಳ!"

ಭಾನುವಾರ ಎರ್ನಾಕುಲಂನಲ್ಲಿ ಆಟ. ಚಿತ್ರಾನ್ನ ಕಟ್ಟಿಕೊಂಡು ನಾನೂ ರೈಲು ಹತ್ತಿದೆ. ಎದುರಾಳಿ ಕಾಲೇಜು ಹುಡುಗಿ. ಅವಳ ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಉಳಿದಿತ್ತು. ಅವಳ ಟ್ಯಾಂಕುಗಳದೂ ಅದೇ ಹಸಿರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಟ್ಯಾಂಕುಗಳು ಸತ್ತು, ಉಳಿದವು ರೋಬೋಟಿನ ಸುತ್ತ ಚೆಲ್ಲಾಪಿಲ್ಲಿಯಾಗಿದ್ದವು.

ಆಟದ ಮೇಜಿನ ತುದಿಯಲ್ಲೇ ತಟ್ಟೆಯಿಟ್ಟು ತಿಂದು, ಅವರಿಬ್ಬರೂ ಕೈ ತೊಳೆಯಲು ಹೋದರು. ಅಗುಳು ಬಿದ್ದಿತ್ತು, ಅರಿಸಿನದ ಕಲೆಯಾಗಿತ್ತು. ಕಾನ್ವೆಂಟಿನ ಸಿಸ್ಟರುಗಳು ಪಳಗಿಸಿದ ಕೈ ಸುಮ್ಮನಿರುವುದಿಲ್ಲ. ಇದು ಅಳತೆಯ ಆಟವೆಂದು ಗೊತ್ತಿದ್ದೂ ಆ ಗಳಿಗೆಯಲ್ಲಿ ನನಗೆ ಕಂಡದ್ದು ಕೊಳೆ ಮಾತ್ರ. ಟ್ಯಾಂಕುಗಳನ್ನು ಎತ್ತಿ, ಮೇಜು ಒರೆಸಿ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಅವನ್ನು ಅಂಚಿನಲ್ಲಿ ಸಾಲಾಗಿ ನಿಲ್ಲಿಸಿದೆ.

"ಅಯ್ಯೋ, ಆಂಟೀ!" ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು.

ಪಕ್ಕದ ಮೇಜಿನವನೊಬ್ಬ, "ಅಂಕಲ್, ಟ್ಯಾಂಕ್ ಓಡಿಸೋಕೆ ಆಂಟೀನ ಕರ್ಕೊಂಡು ಬಂದ್ರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಎಲ್ಲರೂ ನಕ್ಕರು. ನನ್ನ ಕಿವಿ ಸುಟ್ಟಿತು. ಗಂಡನನ್ನು ಗೆಲ್ಲಿಸಲು ಹೆಂಡತಿ ಕೈಯಾಡಿಸಿದಳು ಎಂದಲ್ಲವೆ ಅದರ ಅರ್ಥ?

"ಸಾರಮಿಲ್ಲ ಆಂಟೀ," ಪರವಾಗಿಲ್ಲ ಬಿಡಿ ಎಂದು ಹುಡುಗಿಯೇ ನನ್ನನ್ನು ಸಮಾಧಾನ ಮಾಡಿದಳು. ನೆನಪು ಮಾಡಿಕೊಳ್ಳುತ್ತ ಒಂದೊಂದನ್ನೇ ಹಿಂದಿನ ಜಾಗಕ್ಕಿಟ್ಟಳು. ಕೊನೆಯದರಲ್ಲಿ ತಡವರಿಸಿ, ದೂರದ ಆಟಿಕೆಯ ಮುರುಕು ಗೋಡೆಯ ಪಕ್ಕಕ್ಕಿಟ್ಟಳು.

ಅದು ಇದ್ದದ್ದು ರೋಬೋಟಿನ ಹಿಮ್ಮಡಿಯ ಹಿಂದೆ. ಎತ್ತುವಾಗ ಅದರ ತೋಪಿನ ಮೂತಿ ನನ್ನ ಬಳೆಗೆ ಸಿಕ್ಕಿಕೊಂಡಿತ್ತು. ಬೆನ್ನಿಗೆ ಹೊಡೆದರೆ ರೋಬೋಟು ಉಳಿಯುವುದಿಲ್ಲ ಎಂದು ಇವರೇ ರೈಲಿನಲ್ಲಿ ಹೇಳಿದ್ದರು.

ನಾನು ಒರೆಸುವ ಬಟ್ಟೆಯನ್ನು ಮಡಿಸಿದೆ. ಬಿಚ್ಚಿ ಮತ್ತೆ ಮಡಿಸಿದೆ. ಇವರು ದಾಳ ಕೈಗೆತ್ತಿಕೊಂಡರು.

"ಅದು ಅಲ್ಲಲ್ಲ ಮೋಳೇ, ಇಲ್ಲಿತ್ತು," ಎಂದೆ ನನ್ನ ಹರಕು ಮಲಯಾಳದಲ್ಲಿ, ಅವಳನ್ನು ಮಗಳೇ ಎಂದು ಕರೆದು, ರೋಬೋಟಿನ ಬೆನ್ನ ಹಿಂದೆ ಬೆರಳಿಟ್ಟು.

ಇವರು ತಲೆಯೆತ್ತಲಿಲ್ಲ. ಹುಡುಗಿಯ ಸರದಿ ಬಂದಾಗ ಆ ಪುಟ್ಟ ಟ್ಯಾಂಕು ಹಿಂದಿನಿಂದ ಹೊಡೆಯಿತು; ರೋಬೋಟು ಡಬ್ಬ ಸೇರಿತು. ಹುಡುಗಿ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಬಟ್ಟೆ ಮಡಿಸುತ್ತ ನಿಂತದ್ದನ್ನು ಅವಳು ನೋಡಿರಲಿಲ್ಲ.

ವಾಪಸಿನ ರೈಲು ಕೊಲ್ಲಂ ದಾಟಿತು. ರೋಬೋಟಿನ ಡಬ್ಬ ಇವರ ತೊಡೆಯ ಮೇಲಿತ್ತು.

"ಕೋಪಾನಾ?"

"ಇಲ್ಲ ಕಣೇ." ಕಿಟಕಿಯ ಕಡೆ ತಿರುಗಿದರು. "ಅದು ಅಲ್ಲಿತ್ತು ಅಂತ ನಂಗೂ ಗೊತ್ತಿತ್ತು."

ಡಬ್ಬಿಯಲ್ಲಿ ಚಿತ್ರಾನ್ನ ಮಿಕ್ಕಿತ್ತು. ತಿಂತೀರಾ ಎಂದು ಕೇಳಬಹುದಿತ್ತು. ಕೇಳಿದರೆ ಅವರು ನನ್ನ ಮುಖ ನೋಡಬೇಕಾಗುತ್ತಿತ್ತು, ನಾನು ಅವರದನ್ನು.